ಅಡುಗೆಮನೆಯ ವೇಳಾಪಟ್ಟಿ

ಕಾಲೇಜಿನ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವಾರಕ್ಕೆ 6 ದಿನ, ದಿನಕ್ಕೆ 6 ಅವಧಿ. ಅಧ್ಯಾಪಕರು 18 ಮಂದಿ, ಅವರಲ್ಲಿ ಬೆಳಗಿನ ಮೊದಲ ಅವಧಿಯನ್ನು ಒಲ್ಲದವರು 16 ಮಂದಿ. ಇವರೆಲ್ಲರನ್ನೂ ಒಂದೇ ಹಾಳೆಯ ಮೇಲೆ ಒಬ್ಬರ ಕಾಲನ್ನೊಬ್ಬರು ತುಳಿಯದಂತೆ ಕೂರಿಸುವ ವಿದ್ಯೆ ಕಾವ್ಯಮೀಮಾಂಸೆಗಿಂತ ಕಿರಿದೇನೂ ಅಲ್ಲ. ಆ ವಿದ್ಯೆಯಲ್ಲಿ ನನಗೆ ಕೊಂಚ ಹೆಸರೂ ಇದೆ. ಆದುದರಿಂದ ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ ನನ್ನ ಹೆಂಡತಿ, “ನನಗೆ ದಿನಕ್ಕೆ ಒಂದು ಗಂಟೆ ಬೇಕಾಗಿದೆ, ಎಲ್ಲಿಂದ ತೆಗೆಯಲಿ ಹೇಳಿ” ಎಂದು ಕೇಳಿದಾಗ, ನಾನು ಅದನ್ನು ಸಂಕಟದ ಮಾತೆಂದು ತಿಳಿಯಲಿಲ್ಲ. ನನ್ನ ವಿದ್ಯೆಗೆ ಬಂದ ಆಹ್ವಾನವೆಂದೇ ತಿಳಿದೆ.

ಆ ಒಂದು ಗಂಟೆ ಏತಕ್ಕೆಂಬುದನ್ನು ಹೇಳಬೇಕು. ಆಕೆ ಬಿ.ಎ. ಮುಗಿಸಿದ ವರ್ಷವೇ ನಮ್ಮ ಮನೆ ತುಂಬಿದವಳು. ಮುಂದೆ ಓದಬೇಕೆಂಬ ಆಸೆಯನ್ನು ಮದುವೆಯ ಮಾತುಕತೆಯಲ್ಲಿಯೇ ಹೇಳಿದ್ದಳು. ನಾವೂ ಧಾರಾಳವಾಗಿ ಒಪ್ಪಿದ್ದೆವು. ಒಪ್ಪಿಗೆಗೆ ಖರ್ಚಿಲ್ಲವಷ್ಟೆ. ಮೊದಲ ಮಗುವಾಯಿತು, ತಂದೆಯವರ ಕಾಯಿಲೆಯಾಯಿತು, ಎರಡನೆಯ ಮಗುವಾಯಿತು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇಂಥವರಿಗೆಂದೇ ಬಾಗಿಲು ತೆರೆದಿಟ್ಟಿದೆ. ಹದಿನಾಲ್ಕು ವರ್ಷಗಳ ಮೇಲೆ ಆಕೆ ಅಲ್ಲಿ ಇತಿಹಾಸದ ಎಂ.ಎ.ಗೆ ಹೆಸರು ಕೊಟ್ಟಳು. ಪಾಠದ ಪುಸ್ತಕಗಳ ಕಟ್ಟು ಬಂದಿತು. ಬಂದ ಕಟ್ಟು ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನಕಾಯಿ ಜಾಡಿಯ ಮಗ್ಗುಲಲ್ಲಿ, ಸುತ್ತಿದ ದಾರವನ್ನು ಸಹ ಬಿಚ್ಚಿಸಿಕೊಳ್ಳದೆ ಏಳು ವಾರ ಕುಳಿತಿತ್ತು.

ನಾನು ಒಂದು ಭಾನುವಾರವಿಡೀ ಕುಳಿತು ವೇಳಾಪಟ್ಟಿಯನ್ನು ರಚಿಸಿದೆ. ಐದಕ್ಕೆ ಏಳುವುದು, ಕೊಟ್ಟಿಗೆ, ಐದೂವರೆಗೆ ಹಾಲು ಕರೆಯುವುದು, ಆರಕ್ಕೆ ಅಡುಗೆ, ಏಳೂಕಾಲಿಗೆ ಮಕ್ಕಳ ಸ್ನಾನ, ಎಂಟೂಕಾಲಿಗೆ ಶಾಲೆಯ ವ್ಯಾನು, ಒಂಬತ್ತರಿಂದ ಹತ್ತರವರೆಗೆ, ಕೆಂಪು ಶಾಯಿಯಲ್ಲಿ, ‘ಅಧ್ಯಯನ’. ಅಂಚಿಗೆ ಗೆರೆ ಎಳೆದು, ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ನನ್ನ ತಾಯಿ ಅದನ್ನು ದೂರದಿಂದ ನೋಡಿ, “ನಮ್ಮ ಕಾಲದಲ್ಲಿ ಮನೇಲಿ ಗಡಿಯಾರವೇ ಇರಲಿಲ್ಲ. ಕೆಲಸವೇನು ನಿಂತು ಹೋಗಿತ್ತೆ?” ಎಂದರು. ಹೆಂಡತಿ ಏನೂ ಹೇಳಲಿಲ್ಲ. ಹೇಳದಿರುವುದು ವಿಮರ್ಶೆಯ ಒಂದು ಪ್ರಕಾರವೆಂಬುದು ನನಗೆ ಆಗ ಹೊಳೆಯಲಿಲ್ಲ.

ಸೋಮವಾರ ಪಟ್ಟಿ ನಡೆಯಿತು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಬರಬೇಕಾಗಿದ್ದ ನಲ್ಲಿಯ ನೀರು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಂದಿತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರುವ ನೀರು ಅದು. ಬಂದಾಗ ಹಿಡಿಯದಿದ್ದರೆ ಎರಡು ದಿನ ಮನೆಯಲ್ಲಿ ತೊಟ್ಟು ನೀರಿಲ್ಲ. ‘ಅಧ್ಯಯನ’ವು ಬಿಂದಿಗೆಗಳೊಳಗೆ ಹೋಯಿತು. ಬುಧವಾರ ಕಿರಿಯವನಿಗೆ ಜ್ವರ. ಗುರುವಾರ ಒಂಬತ್ತೂಕಾಲಿಗೆ ಪಲಮನೇರಿನ ಕಡೆಯಿಂದ ನೆಂಟರು. ಶನಿವಾರ ಸಂಜೆ ನಾನು ನೋಡುವಾಗ ಬಾಗಿಲ ಮೇಲೆ ಪಟ್ಟಿ ಇರಲಿಲ್ಲ. ವಿಚಾರಿಸಿದಾಗ, ಅದರ ಹಿಂಬದಿ ಖಾಲಿ ಇದ್ದುದರಿಂದ ಹಿಂಡಿ-ಬೂಸದ ಲೆಕ್ಕ ಬರೆಯಲು ತೆಗೆದುಕೊಂಡುದಾಗಿ ತಿಳಿಯಿತು. ಆ ಲೆಕ್ಕ ಮಾತ್ರ ಚೊಕ್ಕಟವಾಗಿತ್ತು.

ನಮ್ಮೂರು ನಂಗಲಿ. ಮುಳಬಾಗಿಲು ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲಿರುವ ಊರು. ಇನ್ನು ಸ್ವಲ್ಪ ಮುಂದೆ ಹೋದರೆ ಆಂಧ್ರ. ಮುಳಬಾಗಿಲು ಎಂಬುದು ‘ಮೂಡಲ ಬಾಗಿಲು’ ಎಂಬುದರ ಸವೆದ ರೂಪವೆಂದು ಹಿರಿಯರು ಹೇಳುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಆ ಬಾಗಿಲಿನಲ್ಲಿಯೇ. ನಾವು ಬಾಗಿಲನ್ನೂ ದಾಟಿ ಹೊಸ್ತಿಲಿನ ಮೇಲೆ ಕುಳಿತವರು. ಮನೆಯಲ್ಲಿ ಅರ್ಧ ಕನ್ನಡ, ಬೀದಿಯಲ್ಲಿ ಅರ್ಧ ತೆಲುಗು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಕೆರೆ, ಕೊಳವೆ ಬಾವಿ, ಹಸು, ಹಿಪ್ಪುನೇರಳೆ, ಟೊಮ್ಯಾಟೊ: ಇವುಗಳನ್ನು ನಂಬಿ ಬದುಕುವ ಜನ. ಇಂಥ ಊರಿನಲ್ಲಿ ಮನೆಯ ಹೆಂಗಸಿನ ದಿನವನ್ನು ಗೊತ್ತುಮಾಡುವವರು ಯಾರು ಎಂಬುದನ್ನು, ಪಟ್ಟಿ ಸೋತ ಮೇಲೆ, ನಾನು ಮೊದಲ ಸಲ ಯೋಚಿಸಿದೆ.

ಮೊದಲನೆಯದು ಡೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಅಳೆಯುವ ಹೊತ್ತು ಮುಗಿದರೆ ಕ್ಯಾನಿನಲ್ಲಿ ಉಳಿದ ಹಾಲನ್ನು ಮಜ್ಜಿಗೆ ಮಾಡಿ ಕುಡಿಯಬೇಕಷ್ಟೆ. ಎರಡನೆಯದು ನೀರು. ಮೂರನೆಯದು ಕರೆಂಟು, ಮಿಕ್ಸಿ ತಿರುಗುವುದೂ ತೊಟ್ಟಿಯ ನೀರು ಮೇಲೇರುವುದೂ ಅದರ ದಯೆಯಿಂದ. ನಾಲ್ಕನೆಯದು ಶಾಲೆಯ ವ್ಯಾನು. ಇವು ಯಾವುವೂ ಮನೆಯೊಳಗಿನ ಗಡಿಯಾರವನ್ನು ಕೇಳಿ ಬರುವುದಿಲ್ಲ. ಆದರೂ ನಾವು ಇನ್ನೂ ಹಗುರವಾಗಿ ಪಾರಾದವರು. ನಮ್ಮ ಎದುರುಮನೆಯ ಅಕ್ಕ ರೇಷ್ಮೆಹುಳು ಸಾಕುತ್ತಾರೆ. ಅವರ ಗಡಿಯಾರ ಹುಳುವೇ. ಚಾಕಿ ಕಟ್ಟಿದ ದಿನದಿಂದ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಸುಮಾರು 25 ದಿನ; ನಡುವೆ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಆಗ ಅದು ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನೆ ಇರುತ್ತದೆ. ಇದನ್ನು ನಮ್ಮ ಕಡೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಅಕ್ಕ ತವರಿಗೆ ಹೋಗಿ ಬರುವುದು, ತಲೆಗೆ ಎಣ್ಣೆ ಹಾಕಿ ನೀರು ಹಾಕಿಕೊಳ್ಳುವುದು, ಮಗಳ ಶಾಲೆಗೆ ಹೋಗಿ ಅಂಕಪಟ್ಟಿಗೆ ಸಹಿ ಹಾಕುವುದು ಎಲ್ಲವೂ ಹುಳುವಿಗೆ ಜ್ವರ ಬಂದಾಗ. ನಾಲ್ಕನೆಯ ಜ್ವರ ಎದ್ದ ಮೇಲಂತೂ ಹುಳು ತಿನ್ನುವ ಸದ್ದು ಸಣ್ಣ ಮಳೆಯಂತೆ ಹಗಲು ರಾತ್ರಿ ಕೇಳುತ್ತದೆ. ತನ್ನ ಇಡೀ ಆಯುಷ್ಯದ ಸೊಪ್ಪಿನಲ್ಲಿ ಬಹುಪಾಲನ್ನು ಅದು ತಿನ್ನುವುದು ಆ ಕೊನೆಯ ವಾರದಲ್ಲಿಯೇ. ಆಗ ಅಕ್ಕನಿಗೆ ನಿದ್ರೆಯೆಂಬುದು ಎರಡು ಸೊಪ್ಪಿನ ನಡುವಿನ ಮಾತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಆರಂಭವಾಯಿತಲ್ಲ, ಅದರ ಬಗ್ಗೆ ಕೇಳಿದೆ. “ದುಡ್ಡು ಬ್ಯಾಂಕಿಗೆ ಬರುತ್ತೆ ಮೇಷ್ಟ್ರೇ, ತರೋದಕ್ಕೆ ಹೋಗಬೇಕಲ್ಲ, ಹುಳ ಬಿಡಬೇಕಲ್ಲ” ಎಂದರು.

ಮೇಷ್ಟರಾದವನು ಇಂಥ ಪ್ರಸಂಗದಲ್ಲಿ ಪುಸ್ತಕದ ಕಪಾಟಿಗೆ ಓಡುವುದು ಸಹಜ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸೂತ್ರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ‘ದಿನಚರ್ಯಾ’. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಂಜನ, ಅಭ್ಯಂಗ, ವ್ಯಾಯಾಮ, ಸ್ನಾನ: ಎಲ್ಲವೂ ಉಂಟು. ಓದುತ್ತ ಹೋದಂತೆ ಒಂದು ಸಂದೇಹ ಬಂದಿತು. ಇಷ್ಟನ್ನೂ ಕ್ರಮವಾಗಿ ಮಾಡಿಕೊಳ್ಳುವ ಮಹನೀಯನಿಗೆ ಆ ಹೊತ್ತಿನಲ್ಲಿ ಬಿಸಿನೀರು ಕಾಯಿಸಿಟ್ಟವರು ಯಾರು? ಅವರ ದಿನಚರ್ಯೆಯನ್ನು ಯಾವ ಸ್ಥಾನದಲ್ಲಿ ಹೇಳಿದೆ? ಕನ್ನಡದಲ್ಲಿ ಆ ಸಂದೇಹಕ್ಕೆ ಅರ್ಧ ಉತ್ತರ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ದಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣು ಸಾಂಗತ್ಯದಲ್ಲಿ ರಚಿಸಿದ ಕೃತಿ. ಗೃಹಿಣಿ ಏನೇನು ಮಾಡಬೇಕೆಂಬುದನ್ನು ಆಕೆ ಚೆನ್ನಾಗಿ ಹೇಳುತ್ತಾಳೆ. ಹೆಣ್ಣನ್ನು ಹಳಿಯುವವರಿಗೆ ತಕ್ಕ ಮಾತನ್ನೂ ಆಡುತ್ತಾಳೆ. ನನಗೆ ಕುತೂಹಲ ಬೇರೊಂದು: ಸಂಚಿ ಹಿಡಿದು ನಿಲ್ಲುವ ಊಳಿಗದ ನಡುವೆ ಈಕೆ ಬರೆದದ್ದು ಯಾವಾಗ? ಎಷ್ಟು ಪಾಠ ಹೇಳಿದರೂ ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿರಲಿಲ್ಲ.

ಹೊರದೇಶದವರೂ ಈ ಸಮಸ್ಯೆಗೆ ಕೈಹಾಕಿದ್ದಾರೆ. ಕಾರ್ಖಾನೆಗಳಿಗಾಗಿ ಟೇಲರ್ ರೂಪಿಸಿದ ವೈಜ್ಞಾನಿಕ ನಿರ್ವಹಣೆಯನ್ನು ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಎಂಬಾಕೆ 1912ರಲ್ಲಿ ಮಹಿಳಾ ಪತ್ರಿಕೆಯೊಂದರ ಲೇಖನಗಳ ಮೂಲಕ ಅಡುಗೆಮನೆಗೆ ತಂದಳು. ಇಂಜಿನಿಯರಾಗಿದ್ದ ಲಿಲಿಯನ್ ಗಿಲ್‌ಬ್ರೆತ್ ಹನ್ನೆರಡು ಮಕ್ಕಳ ತಾಯಿ; ಅಡುಗೆಮನೆಯಲ್ಲಿ ಇಡುವ ಹೆಜ್ಜೆಗಳನ್ನು ಎಣಿಸಿ, ಒಲೆ ಎಲ್ಲಿ, ಕಪಾಟು ಎಲ್ಲಿ ಇದ್ದರೆ ನಡಿಗೆ ಉಳಿಯುವುದೆಂದು ಲೆಕ್ಕ ಹಾಕಿದಳು. ಓದಿ ಮೆಚ್ಚಿದೆ. ಆದರೆ ಅದೇ ಮನೆಯಲ್ಲಿ ಆಕೆಯ ಅತ್ತೆಯೂ ಆಳುಗಳೂ ಇದ್ದರೆಂಬುದನ್ನು ಓದಿದಾಗ, ಹನ್ನೆರಡು ಮಕ್ಕಳ ಗುಟ್ಟು ಬಯಲಾಯಿತು. ಹೆಜ್ಜೆ ಉಳಿಸುವುದು ಒಂದು. ಹೊತ್ತು ಉಳಿಯುವುದು ಇನ್ನೊಂದು.

‘ಹೊತ್ತು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬಹುದು. ವೃತ್ತಿಯ ಚಾಪಲ್ಯವನ್ನು ವಾಚಕರು ಕ್ಷಮಿಸಬೇಕು. ಸಮಯವೆಂಬ ಅರ್ಥದ ಹೊತ್ತು ಹಳಗನ್ನಡದಲ್ಲಿ ‘ಪೊೞ್ತು’. ಸೂರ್ಯನೆಂಬ ಅರ್ಥವೂ ಅದಕ್ಕುಂಟು. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎನ್ನುತ್ತೇವಲ್ಲ. ‘ಹೊರು’ ಧಾತುವಿನಿಂದ ಬಂದ ‘ಹೊತ್ತು’ ಬೇರೆಯದು, ಹಳಗನ್ನಡದಲ್ಲಿ ‘ಪೊತ್ತು’. ಎರಡೂ ಬೇರೆ ಬೇರೆ ದಾರಿಯಿಂದ ನಡೆದು ಬಂದು ಹೊಸಗನ್ನಡದಲ್ಲಿ ಒಂದೇ ರೂಪ ತಾಳಿವೆ. ವ್ಯಾಕರಣಕ್ಕೆ ಇದು ಆಕಸ್ಮಿಕ. ನಮ್ಮ ಬೀದಿಯಲ್ಲಿ ನೀರು ಬಂದ ದಿನ ನೋಡಿದವರಿಗೆ ಹಾಗೆ ತೋರದು.

ದಸರಾ ರಜೆ ಬಂದಿತು. ಪಟ್ಟಿ ಸೋತ ಅವಮಾನ ಒಳಗೇ ಇತ್ತು. ದೋಷ ಎಲ್ಲಿದೆಯೆಂದು ಕಂಡುಹಿಡಿಯಬೇಕೆಂದು ನಿಶ್ಚಯಿಸಿ, ಒಂದು ದಿನ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನಡುಮನೆಯಲ್ಲಿ ಕುಳಿತು, ಆಕೆಗೆ ತಿಳಿಸದೆ, ಆಕೆಯ ದಿನವನ್ನು ಬರೆದುಕೊಂಡೆ. ಕೇಂದ್ರ ಸರ್ಕಾರದವರು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ ದಿನವನ್ನು ಬೆಳಗಿನ 4 ಗಂಟೆಯಿಂದ ಆರಂಭಿಸಿ ಅರ್ಧರ್ಧ ಗಂಟೆಯ ಮನೆಗಳಾಗಿ ವಿಂಗಡಿಸಿದ್ದರು. ನಾನೂ ಹಾಗೆಯೇ ಮಾಡಿದೆ. ಆರರ ಮನೆಯಲ್ಲಿಯೇ ನನ್ನ ಲೇಖನಿ ನಿಂತಿತು. ಒಂದು ಒಲೆಯ ಮೇಲೆ ಮುದ್ದೆಗೆ ಎಸರು, ಇನ್ನೊಂದರ ಮೇಲೆ ಹಿಂದಿನ ದಿನ ಮೊಳಕೆ ಕಟ್ಟಿದ ಹುರುಳಿ. ಎಸರು ಕುದಿಯುವುದರೊಳಗೆ ಮಗಳಿಗೆ ಒಂದು ಜಡೆ. ಹಿಟ್ಟು ಹಾಕಿ ಬೇಯಲು ಬಿಟ್ಟು ಇನ್ನೊಂದು ಜಡೆ. ಜಡೆಯ ನಡುವೆ ಮಗ್ಗಿ ಒಪ್ಪಿಸಿಕೊಳ್ಳುವುದು. ಕೋಲಿನಿಂದ ಮುದ್ದೆ ತೊಳಸುವಾಗ ಮಾತ್ರ ಎರಡು ಕೈಯೂ ಪೂರ್ತಿ ಅಲ್ಲಿಯೇ. ಇದನ್ನು ಯಾವ ಮನೆಯಲ್ಲಿ ಬರೆಯಲಿ? ಆಕೆಗೆ ಗಂಟೆಯ ಹಂಗಿಲ್ಲ, ಸಾಲಿನ ಹಂಗು. ಯಾವುದಾದ ಮೇಲೆ ಯಾವುದು, ಯಾವುದರ ಹೊಟ್ಟೆಯೊಳಗೆ ಯಾವುದು ಹಿಡಿಸುತ್ತದೆ ಎಂಬುದು ಆಕೆಗೆ ಬಾಯಿಪಾಠವಾಗಿತ್ತು. ನಾಳೆಯ ಕೆಲಸ ಇಂದು ರಾತ್ರಿ ಕಾಳು ನೆನೆಹಾಕುವಾಗಲೇ ಆರಂಭವಾಗುತ್ತಿತ್ತು. ನಾನು ಹದಿನೆಂಟು ಮಂದಿಯನ್ನು ಕೂರಿಸಿ ಬೀಗುತ್ತಿದ್ದವನು; ಇಲ್ಲಿ ನೀರು, ಹಾಲು, ಬೆಂಕಿ, ಎರಡು ಮಕ್ಕಳು, ಒಂದು ಹಸು ಒಂದರ ಕಾಲನ್ನೊಂದು ತುಳಿಯದೆ ನಡೆಯುತ್ತಿದ್ದವು, ಹಾಳೆಯೇ ಇಲ್ಲದೆ.

ಹಾಳೆಯ ಬಲಗಡೆಗೆ ಒಂದು ಸಾಲು ಬಿಟ್ಟಿದ್ದೆ: ಯಾರು ಯಾರು ಎಷ್ಟು ಸಲ ಕರೆದರು ಎಂಬುದಕ್ಕೆ. ರಾತ್ರಿ ಕೂಡಿಸಿದೆ. ಒಟ್ಟು 41 ಸಲ. ಕಿರಿಯವನು 11, ಮಗಳು 6, ನನ್ನ ತಾಯಿ 5, ಹೊರಗಿನವರು 3. ಉಳಿದ 16 ನನ್ನವು. ಕನ್ನಡಕ ಎಲ್ಲಿ, ಟವಲು ಎಲ್ಲಿ, ಕಾಫಿ ಇದೆಯೆ, ಆ ಕಾಗದವನ್ನು ಕಂಡೆಯಾ. ಕುಳಿತಲ್ಲಿಂದ ಏಳದೆ, ಆಕೆಯ ಹೊತ್ತು ಎಲ್ಲಿ ಸೋರುತ್ತಿದೆಯೆಂದು ಬರೆದುಕೊಳ್ಳುತ್ತಲೇ ನಾನು ಕರೆದಿದ್ದೆ.

ಆ ಹಾಳೆಯನ್ನು ಯಾರಿಗೂ ತೋರಿಸದಿರಬಹುದಿತ್ತು. ಆದರೆ ಲೆಕ್ಕ ಹೊರಗೂ ಇದೆ. ಅದೇ 2019ರ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ; ಗಂಡಸು, ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸು, 97 ನಿಮಿಷ. ಕೈಹಾಕುವ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಮಕ್ಕಳು ಮುದುಕರ ಆರೈಕೆಯ ಲೆಕ್ಕ ಇದರ ಮೇಲೆ ಬೇರೆ. ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಜನವರಿಯಲ್ಲಿ ಈ ಅಂಕಿಗಳನ್ನೇ ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಆದಾಯದ ಬೆಲೆ ಕಟ್ಟಬೇಕೆಂದು ತೀರ್ಪಿತ್ತಿತು. ಸತ್ತ ಮೇಲೆ ಬೆಲೆ ಕಟ್ಟುವ ಪ್ರಸಂಗ ಅದು ಎಂಬುದನ್ನು ಮಾತ್ರ ಮರೆಯಲಾಗದು.

ಒಂದು ಗಂಟೆ ಆಕೆಯ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ, ಇದ್ದದ್ದು ನನ್ನದರಲ್ಲಿ. ಮಾರನೆಯ ದಿನದಿಂದ ಹಾಲಿನ ಕ್ಯಾನು ನನ್ನ ಕೈಗೆ ಬಂದಿತು. ಡೇರಿಯ ಸಾಲಿನಲ್ಲಿ ನಿಂತ ಮೊದಲ ದಿನ, “ಏನ್ ಮೇಷ್ಟ್ರೇ, ಅಮ್ಮಾವ್ರಿಗೆ ಹುಷಾರಿಲ್ವಾ?” ಎಂದು ನಾಲ್ವರು ಕೇಳಿದರು. ಹುಷಾರಾಗಿದ್ದಾರೆ ಎಂದರೆ ನಂಬಲಿಲ್ಲ. ಮಕ್ಕಳ ಸ್ನಾನ, ಶಾಲೆಯ ಡಬ್ಬಿ, ಸಂಜೆಯ ಪಾಠ, ನನ್ನ ಅಂಗಿಗಳ ಇಸ್ತ್ರಿ, ಒಣಗಿದ ಬಟ್ಟೆ ಮಡಿಸುವುದು: ಒಂದೊಂದಾಗಿ ಬಂದವು. ಒಮ್ಮೆಗೇ ಬರಲಿಲ್ಲ, ನಗುನಗುತ್ತಲೂ ಬರಲಿಲ್ಲ. ಮಗಳ ಜಡೆ ನನಗೆ ಇಂದಿಗೂ ಬಾರದು. ಒಂದು ದಿನ ಆಕೆ ನಾನು ಹಾಕಿದ ಜಡೆಯನ್ನು ವ್ಯಾನಿನಲ್ಲಿಯೇ ಬಿಚ್ಚಿ ಗೆಳತಿಯಿಂದ ಹಾಕಿಸಿಕೊಂಡಳಂತೆ. ಬೆಳಗಿನ ಈ ಕೆಲಸಗಳು ಸರಿದಾಗ, ಅಲ್ಲಿಂದ ಮಧ್ಯಾಹ್ನಕ್ಕೆ ತಳ್ಳಲ್ಪಡುತ್ತಿದ್ದವು ಅಲ್ಲಿಯೇ ಮುಗಿದವು. ಎರಡರಿಂದ ಮೂರು ಗಂಟೆಯವರೆಗೆ ಮಕ್ಕಳು ಶಾಲೆಯಲ್ಲಿ, ಹಸು ಮೆಲುಕು ಹಾಕುತ್ತ, ಬೀದಿ ನಿದ್ರೆಯಲ್ಲಿ. ಆ ಗಂಟೆ ನಿಂತಿತು.

ನಿಂತಿತು ಎಂದೆ, ಆದರೆ ಅದಕ್ಕೆ ಕಾವಲು ಬೇಕಾಗಿತ್ತು. ಎರಡು ಗಂಟೆಗೆ ಸೊಸೆ ಪುಸ್ತಕ ಹಿಡಿದು ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುವುದನ್ನು ನನ್ನ ತಾಯಿ ಮೊದಮೊದಲು ಮೆಚ್ಚಲಿಲ್ಲ. ಗೊಣಗುತ್ತಿದ್ದರು. ಒಂದು ಸಂಜೆ ತಾವಾಗಿಯೇ ಒಂದು ಮಾತು ತೆಗೆದರು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಊರಿನ ಶಾಲೆಯ ಮೇಷ್ಟರ ಹೆಂಡತಿ, ಅಕ್ಷರ ಕಲಿಸುವೆನೆಂದು ಮಧ್ಯಾಹ್ನ ಕರೆಯುತ್ತಿದ್ದರಂತೆ. ನಾಲ್ಕು ದಿನ ಹೋದರಂತೆ. ಬೆಳ್ಳಿ ಮೂಡುವ ಮೊದಲೇ ಎದ್ದು ರಾಗಿ ಬೀಸಿ, ಬಾವಿಯಿಂದ ನೀರು ಸೇದಿ, ಹೊಲಕ್ಕೆ ಬುತ್ತಿ ಹೊತ್ತು, ಹಿಂದಿರುಗಿ ಬಂದವರಿಗೆ ಐದನೆಯ ದಿನ ಅತ್ತೆ, “ನಿನಗೆ ಅಷ್ಟೊಂದು ಹೊತ್ತಿದ್ದರೆ ಅವರೆ ಬಿಡಿಸು” ಎಂದರಂತೆ. “ಅ, ಆ, ಇ, ಈವರೆಗೆ ಬಂದಿತ್ತು” ಎಂದರು ನನ್ನ ತಾಯಿ. ಅವರಿಗೆ ಸಹಿ ಹಾಕಲು ಬರುತ್ತದೆ. ಅದು ಮಗಳಿಂದ, ಅಂದರೆ ನನ್ನ ತಂಗಿಯಿಂದ, ಕಲಿತದ್ದು. ಕನ್ನಡ ಕಲಿಸಿ ಸಂಬಳ ತೆಗೆದುಕೊಳ್ಳುವ ಮಗ ಅದನ್ನು ಕಲಿಸಿರಲಿಲ್ಲ.

ಎಂ.ಕೆ. ಇಂದಿರಾ ಅವರ ಕಥೆಯನ್ನು ತರಗತಿಯಲ್ಲಿ ನಾನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ: 1917ರಲ್ಲಿ ಹುಟ್ಟಿ, ಹನ್ನೆರಡಕ್ಕೆ ಮದುವೆಯಾಗಿ, ಸಂಸಾರ ನಡೆಸಿ, ನಲವತ್ತೈದರ ಹೊತ್ತಿಗೆ ಕಾದಂಬರಿಗೆ ಕೈಹಾಕಿ, 1963ರಲ್ಲಿ ‘ತುಂಗಭದ್ರ’ವನ್ನೂ 1976ರಲ್ಲಿ ‘ಫಣಿಯಮ್ಮ’ನನ್ನೂ ಕೊಟ್ಟವರು. ಪ್ರತಿಭೆ ತಡವಾಗಿ ಅರಳಬಹುದು ಎಂಬುದಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ನಾಲಗೆ ಹಿಂಜರಿಯುತ್ತದೆ. ತಡವಾದದ್ದು ಪ್ರತಿಭೆಯೇ ಎಂದು ಯಾರು ಹೇಳಬಲ್ಲರು?

ಡಿಸೆಂಬರಿನಲ್ಲಿ ಒಂದು ರಾತ್ರಿ ಆಕೆ ಪುಸ್ತಕ ಹಿಡಿದು ನಡುಮನೆಗೆ ಬಂದಳು. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಮೂಡಣ ಎಲ್ಲೆ ನಂಗಲಿಯ ಘಟ್ಟವೆಂದಿದೆ. “ನಮ್ಮೂರು ರೀ!” ಎಂದಳು. ಈ ಸಂಗತಿ ನನಗೆ ಮೊದಲೇ ತಿಳಿದಿತ್ತು. ಎಂದೂ ಮನೆಯಲ್ಲಿ ಹೇಳಿರಲಿಲ್ಲ. ಮಕ್ಕಳು ಸುತ್ತುವರಿದರು. ಎಲ್ಲೆಯೆಂದರೆ ಏನು, ಅದನ್ನು ದಾಟಿದರೆ ಯಾರು ಹಿಡಿಯುತ್ತಿದ್ದರು ಎಂದು ಕಿರಿಯವನು ಕೇಳಿದ. ಕಾವಲಿನವರು ಇರುತ್ತಿದ್ದರು ಎಂದು ಆಕೆ ಹೇಳಿದಳು. ನನ್ನ ತಾಯಿ ಅವರೆ ಬಿಡಿಸುತ್ತ ಎಲ್ಲವನ್ನೂ ಕೇಳುತ್ತಿದ್ದರು.

ಅದಾದ ಕೆಲವು ದಿನಗಳ ಮೇಲೆ, ಕಾಲೇಜಿನಲ್ಲಿ ಮಧ್ಯಾಹ್ನದ ತರಗತಿಗಳು ನಡೆಯದೆ, ಎರಡೂವರೆಗೆ ಮನೆಗೆ ಬಂದೆ. ಬಿಸಿಲಿಗೆ ಬಾಯಾರಿತ್ತು. ಮುಂಬಾಗಿಲ ಹೊಸ್ತಿಲ ಮೇಲೆ ನನ್ನ ತಾಯಿ ಮೊರವನ್ನು ಅಡ್ಡಲಾಗಿ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕುಳಿತಿದ್ದರು. ಒಳಗೆ ಹೋಗಲು ಕಾಲೆತ್ತಿದೆ. ಅವರು ತಲೆಯೆತ್ತದೆ, ದನಿಯನ್ನು ತಗ್ಗಿಸಿ, “ಒಳಗೆ ಓದ್ತಾ ಇದ್ದಾಳೆ. ಮೂರು ಗಂಟೆಗೆ ಬಾರಪ್ಪ” ಎಂದರು. ನಾನು ಎದುರುಮನೆಯ ಜಗಲಿಗೆ ಹೋಗಿ ಕುಳಿತೆ. ಅಲ್ಲಿ ಹುಳು ಎರಡನೆಯ ಜ್ವರಕ್ಕೆ ಕೂತಿತ್ತು. ಅಕ್ಕ ನೀರು ತಂದುಕೊಟ್ಟರು.